ಗುಡ್ಡದ ಲೆಕ್ಕ

ಕಾಕಾನ ಮಗ ಮೊನ್ನೆ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದ. ಕೆಳಗೆ ಒಂದೇ ಸಾಲು: ‘ಅಣ್ಣಾ, ನಮ್ಮ ಗುಡ್ಡ ಮುಚ್ಚತಾರಂತ, ಓದು.’ ಹಾನಗಲ್ಲಿಗೂ ಶಿಗ್ಗಾಂವಿಗೂ ನಡುವಿನ ನಮ್ಮೂರಿನ ಹಿಂದೆ ಇದ್ದ ಗುಡ್ಡ ಅದು. ಈಗ ಗುಡ್ಡ ಎನ್ನುವುದು ಬಾಯಿರೂಢಿಯಷ್ಟೆ; ಇರುವುದು ದೊಡ್ಡದೊಂದು ತೆಗ್ಗು. ಕಲ್ಲು ತೆಗೆಯುವ ಗುತ್ತಿಗೆ ಮುಗಿದಿದೆ, ಜಾಗವನ್ನು ಮತ್ತೆ ಹದಕ್ಕೆ ತರಬೇಕು, ಅದಕ್ಕೂ ಮುಂಚೆ ಅಲ್ಲಿನ ಗಾಳಿ, ನೀರು, ಶಬ್ದ, ಮಣ್ಣು ಹೇಗಿವೆ ಎಂದು ಅಳೆದು ಬರೆದ ವರದಿ ಆ ಪಿಡಿಎಫ್.

ವರದಿ ಅಚ್ಚುಕಟ್ಟಾಗಿದೆ. ಹತ್ತು ಮೈಕ್ರಾನಿಗಿಂತ ಸಣ್ಣ ಧೂಳು ದಿನದ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ಮೀರಬಾರದು, ಎರಡೂವರೆ ಮೈಕ್ರಾನಿಗಿಂತ ಸಣ್ಣದು 60 ಮೀರಬಾರದು ಎಂಬ 2009ರ ರಾಷ್ಟ್ರೀಯ ಮಾನದಂಡ ಒಂದು ಕಾಲಂನಲ್ಲಿ, ನಮ್ಮೂರ ಗಾಳಿಯ ಅಂಕಿ ಅದರ ಪಕ್ಕದಲ್ಲಿ. ವಸತಿ ಇರುವಲ್ಲಿ ಶಬ್ದ ಹಗಲು 55 ಡೆಸಿಬಲ್, ರಾತ್ರಿ 45 ದಾಟಬಾರದು; ದಾಟಿಲ್ಲ. ಎಲ್ಲವೂ ಮಿತಿಯೊಳಗೇ ಇದೆ. ಕಲ್ಲು ಒಡೆಯುವ ಕಡಿಮಷಿನ್ ನಿಂತ ಮೇಲೆ ಬಂದು ಅಳೆದರೆ ಧೂಳು ಎಲ್ಲಿಂದ ಬರಬೇಕು? ಗಿಡಮರಗಳ ಭಾಗಕ್ಕೆ ಬಂದಾಗ ಮಾತ್ರ ನನ್ನ ಕಣ್ಣು ಮುಂದೆ ಹೋಗಲಿಲ್ಲ. ಮೊದಲಿನಿಂದಲೂ ಬಂಜರು ಜಾಗ, ಗಣಿಯಿಂದ ಹೇಳಿಕೊಳ್ಳುವಂಥ ಸಸ್ಯನಷ್ಟ ಆಗಿಲ್ಲ ಎಂಬ ಅರ್ಥದ ಮಾತು ಅಲ್ಲಿತ್ತು. ಅದರ ಕೆಳಗೆ ಪರಿಹಾರ: ಸುತ್ತ ತಂತಿ ಬೇಲಿ, ಒಳಗೆ ಸಾಲಾಗಿ ಅಕೇಶಿಯಾ ಸಸಿ.

ಆ ಬಂಜರು ಜಾಗದ ಹುಲ್ಲನ್ನು ನಮ್ಮೂರ ಪಂಚಾಯ್ತಿ ವರ್ಷಾ ಲಿಲಾವು ಮಾಡುತ್ತಿತ್ತು. ದೀಪಾವಳಿ ಆಸುಪಾಸಿನಲ್ಲಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತು ‘ಒಂದನೇ ವಾರ, ಎರಡನೇ ವಾರ’ ಎಂದು ಕೂಗುತ್ತಿದ್ದುದನ್ನು ಕಿವಿಯಾರೆ ಕೇಳಿದ್ದೇನೆ. ಹಿಡಿದವರು ಕರಡ ಕೊಯ್ದು ಬಣವಿ ಒಟ್ಟುತ್ತಿದ್ದರು. ಬಂದ ದುಡ್ಡಿನಲ್ಲಿ ಗುಡಿಗೆ ಸುಣ್ಣ, ಜಾತ್ರೆಗೆ ಎಣ್ಣೆ, ಒಂದು ವರ್ಷ ಶಾಲೆಗೆ ಹಂಚು. ಮುಂಗಾರು ಬಿದ್ದ ಹದಿನೈದು ದಿನಕ್ಕೆ ಗುಡ್ಡದ ಬೆನ್ನು ಹಸಿರಾಗುತ್ತಿತ್ತು. ಆಮೇಲೆ ಸೂಜಿಹುಲ್ಲು ತೆನೆ ಬಿಟ್ಟು, ಹತ್ತಿ ಇಳಿದವರ ಧೋತರಕ್ಕೆಲ್ಲ ಚುಚ್ಚಿಕೊಂಡು ಮನೆಯವರೆಗೆ ಬರುತ್ತಿತ್ತು. ನಡುನಡುವೆ ಕವಳಿ, ಬಾರಿ, ಪರಗಿ ಪೊದೆ. ಗೌಜಲಹಕ್ಕಿ ಕಾಲ ಬುಡದಿಂದಲೇ ಬುರ್ ಎಂದು ಏಳುತ್ತಿತ್ತು. ಮರ ಎಂಬುದು ಆ ಗುಡ್ಡದ ಮೇಲೆ ಇರಲಿಲ್ಲ ಎಂದೇ ಹೇಳಬೇಕು. ಮರ ಇಲ್ಲದ್ದರಿಂದಲೇ ಕಂದಾಯದ ಕಾಗದದಲ್ಲಿ ಅದು ಖರಾಬು ಜಮೀನು, ಈಗಿನ ವರದಿಯಲ್ಲಿ ಬಂಜರು.

ನಮ್ಮ ದೊಡ್ಡಪ್ಪ ಇದನ್ನು ಒಪ್ಪುತ್ತಿರಲಿಲ್ಲ. ಅವನಿಗೆ ಹೋರಿಗಳ ಹುಚ್ಚು. ಹಾನಗಲ್, ಹಿರೇಕೆರೂರು ಸೀಮೆಯಲ್ಲಿ ದೀಪಾವಳಿ ಎಂದರೆ ಕೊಬ್ಬರಿ ಹೋರಿಯ ಹಬ್ಬ. ಕೊರಳಿಗೆ ಕೊಬ್ಬರಿ ಸರ ಕಟ್ಟಿಸಿಕೊಂಡು, ಹಿಡಿಯಲು ಬಂದವರನ್ನು ಚದುರಿಸಿ ಓಡುವ ಹೋರಿ ಸಾಕಿದವನಿಗೆ ಊರಲ್ಲಿ ಬೇರೆಯೇ ಮರ್ಯಾದೆ. ಗುಡ್ಡದ ಹುಲ್ಲು ತಿಂದ ದನದ ಮೈಗೆ ಬರುವ ಬಿಗಿ ಸೊಪ್ಪೆ ತಿಂದ ದನಕ್ಕೆ ಬರುವುದಿಲ್ಲ ಎಂಬುದು ಅವನ ಖಚಿತ ನಂಬಿಕೆ. ಯಾರಾದರೂ ಗುಡ್ಡ ಖಾಲಿ ಬಿದ್ದಿದೆ ಎಂದರೆ, ‘ಹುಲ್ಲು ಹುಟ್ಟೋ ನೆಲಕ್ಕ ಖಾಲಿ ಅನಬ್ಯಾಡ ತಮ್ಮಾ, ಅದು ದನದ ಹೊಲ’ ಎನ್ನುತ್ತಿದ್ದ.

ಮಳೆಗಾಲದಲ್ಲಿ ಸವಣೂರು ಕಡೆಯ ಕುರುಬರೂ ಇತ್ತ ಬರುತ್ತಿದ್ದರು. ಅವರದು ಎರೆ ಸೀಮೆ. ಮಳೆ ಹಿಡಿದರೆ ಎರೆಮಣ್ಣು ಕುರಿಯ ಗೊರಸಿಗೆ ಅಂಟಿ, ಕಾಲು ಕೊಳೆತು, ಹಿಂಡೇ ಕುಂಟತೊಡಗುತ್ತದೆ. ಆಗ ಅವರಿಗೆ ನೀರು ನಿಲ್ಲದ ಗರಸು ನೆಲ ಬೇಕು. ನಮ್ಮ ಗುಡ್ಡ ಅಂಥದ್ದು. ಅವರು ಗುಡ್ಡದ ಮಗ್ಗುಲಲ್ಲಿ ಹಟ್ಟಿ ಹಾಕಿಕೊಂಡು, ರಾತ್ರಿ ನಮ್ಮ ಹೊಲಗಳಲ್ಲಿ ಕುರಿ ತರುಬಿ, ಗೊಬ್ಬರಕ್ಕೆ ಬದಲಾಗಿ ಜೋಳ ಒಯ್ಯುತ್ತಿದ್ದರು. ಈ ವ್ಯವಹಾರ ಯಾವ ಪುಸ್ತಕದಲ್ಲೂ ಬರೆದಿಟ್ಟದ್ದಲ್ಲ.

ಕಲ್ಲು ಒಡೆಯುವುದು ಆಗಲೂ ಇತ್ತು. ಗುಡ್ಡದ ಉತ್ತರ ಮಗ್ಗುಲಲ್ಲಿ ಹಿರೇಕೆರೂರ ಕಡೆಯಿಂದ ಬಂದ ಕೆಲವು ಭೋವಿ ಕುಟುಂಬಗಳು ಗುಡಿಸಲು ಹಾಕಿಕೊಂಡಿದ್ದವು. ಗಂಡಸರು ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಪದರು ಎದ್ದ ಮೇಲೆ ಸಾಲಾಗಿ ಬೆಣೆ ಹೊಡೆದು ಚಪ್ಪಡಿ ಸೀಳುತ್ತಿದ್ದರು. ಹೆಂಗಸರು, ಮಕ್ಕಳು ಹಳೇ ಟೈರಿನ ಬಳೆಯೊಳಗೆ ಕಲ್ಲಿಟ್ಟು ಸುತ್ತಿಗೆಯಿಂದ ಕುಟ್ಟಿ ಕಡಿ ಮಾಡುತ್ತಿದ್ದರು. ಕೂಲಿ ಬ್ರಾಸಿನ ಲೆಕ್ಕದಲ್ಲಿ. ನೂರು ಘನ ಅಡಿ ಕಡಿ ಬಿದ್ದರೆ ಒಂದು ಬ್ರಾಸ್. ಅವರಲ್ಲೊಬ್ಬ ಹಿರಿಯ ಕಲ್ಲನ್ನು ಬೆರಳಿಂದ ತಟ್ಟಿ, ಸದ್ದು ಕೇಳಿ, ಎಲ್ಲಿ ಸೀಳುತ್ತದೆಂದು ಹೇಳುತ್ತಿದ್ದ. ನಾನು ಶಾಲೆ ಬಿಟ್ಟವನೇ ಅವನ ಹತ್ತಿರ ಓಡುತ್ತಿದ್ದೆ. ‘ಬರ್ರಿ ಸಣ್ಣಗೌಡ್ರ, ಕಲ್ಲಿಗೂ ಎಳಿ ಇರತೈತ್ರಿ, ಅದನ್ನ ನೋಡಿ ಉಳಿ ಇಡಬೇಕ್ರಿ’ ಎನ್ನುತ್ತಿದ್ದ.

ಆ ದಿನಗಳನ್ನು ಬಹಳ ಕಾಲ ಸವಿನೆನಪಾಗಿಯೇ ಇಟ್ಟುಕೊಂಡಿದ್ದೆ. ಸುತ್ತಿಗೆಯ ಕಾಲ ಒಳ್ಳೆಯದಿತ್ತು, ಮಷಿನ್ ಬಂದು ಹಾಳಾಯಿತು ಎಂದು ಹೇಳುವುದು ಸುಲಭ. ಈಗ ಕೂತು ನೆನೆದರೆ ಆ ಚಿತ್ರ ಅಷ್ಟು ಸರಳವಾಗಿ ಕಾಣುವುದಿಲ್ಲ. ಆ ಮುದುಕ ಹತ್ತು ವರ್ಷದ ನನಗೆ ಬಹುವಚನ ಹಚ್ಚುತ್ತಿದ್ದ; ಊರಿನ ಹುಡುಗರೆಲ್ಲ ಅವನನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದೆವು, ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ. ನನ್ನ ವಯಸ್ಸಿನ ಅವನ ಮೊಮ್ಮಗಳು ಶಾಲೆಯ ಮುಖ ನೋಡಿರಲಿಲ್ಲ. ಅವಳ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪುಗಟ್ಟಿರುತ್ತಿತ್ತು. ಊರಿಗೆಲ್ಲ ಮನೆ ಪಾಯಕ್ಕೆ ಕಲ್ಲು ಕೊಟ್ಟವರಿಗೆ ಊರೊಳಗೆ ಮನೆ ಕಟ್ಟುವ ಜಾಗ ಇರಲಿಲ್ಲ. ಗುಡ್ಡ ಅವರ ಸುತ್ತಿಗೆಗೆ ಸವೆಯಲಿಲ್ಲ ಎನ್ನುವುದು ನಿಜ. ಅವರು ಸವೆದರು ಎನ್ನುವುದೂ ನಿಜ.

ಗುಡ್ಡ ನಿಜಕ್ಕೂ ಕರಗತೊಡಗಿದ್ದು ಹೆದ್ದಾರಿ ಬಂದಾಗ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಆಯಿತು. ಕೆಲವೇ ವರ್ಷಗಳಲ್ಲಿ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಪುಣೆ–ಬೆಂಗಳೂರು ರಸ್ತೆ, ಆಗಿನ ನಾಲ್ಕನೇ ನಂಬರಿನ ಹೆದ್ದಾರಿ, ಅಗಲವಾಗತೊಡಗಿತು. ಶಿಗ್ಗಾಂವಿ, ಹಾವೇರಿ, ರಾಣೆಬೆನ್ನೂರು ಉದ್ದಕ್ಕೂ ಕಡಿಗೆ ಎಲ್ಲಿಲ್ಲದ ಬೇಡಿಕೆ. ನಮ್ಮ ಗುಡ್ಡಕ್ಕೆ ಕಂಪ್ರೆಸರ್ ಬಂತು, ಡ್ರಿಲ್ ಬಂತು, ಜಿಲೆಟಿನ್ ಬಂತು, ಕಡಿಮಷಿನ್ ಬಂತು. ಬಿ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನು ಗಣಿಯ ಸಾವಕಾರ ಕಾರಕೂನನಾಗಿ ಇಟ್ಟುಕೊಂಡ. ತಗಡಿನ ಖೋಲಿ, ಒಂದು ಮೇಜು, ಒಂದು ಪುಸ್ತಕ. ಟಿಪ್ಪರ್ ನಂಬರ್, ನಲವತ್ತು ಎಂ.ಎಂ. ಕಡಿಯೋ ಇಪ್ಪತ್ತರದೋ, ಎಷ್ಟು ಬ್ರಾಸ್, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆಯುವುದು ನನ್ನ ಕೆಲಸ. ಜಿಲೆಟಿನ್ ಪೆಟ್ಟಿಗೆಯೂ ಕೆಲವೊಮ್ಮೆ ಅದೇ ಖೋಲಿಯ ಮೂಲೆಯಲ್ಲಿ ಇರುತ್ತಿತ್ತು. ಅದರ ಮೇಲೆ ಟಿಫಿನ್ ಡಬ್ಬಿ ಇಟ್ಟು ಉಂಡದ್ದುಂಟು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಗಣಿಯ ಸ್ಫೋಟಕ ಸಿಡಿದು ಜನ ಸತ್ತ ಸುದ್ದಿ ಓದಿದಾಗ ಆ ಪೆಟ್ಟಿಗೆ ನೆನಪಾಗಿ ಕೈ ತಣ್ಣಗಾಯಿತು.

ಸಾವಕಾರನನ್ನು ಕೆಟ್ಟವನೆಂದು ಬರೆದು ಮುಗಿಸಲಾರೆ. ಹಬ್ಬಕ್ಕೆ ಎಲ್ಲರಿಗೂ ಬಟ್ಟೆ ಕೊಡುತ್ತಿದ್ದ. ಒಬ್ಬನ ಬೆರಳು ಮಷಿನ್ನಿನ ದವಡೆಗೆ ಸಿಕ್ಕಾಗ ತಾನೇ ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದ, ಖರ್ಚೆಲ್ಲ ಕೊಟ್ಟ. ನನ್ನ ತಂಗಿಯ ಮದುವೆಗೆ ಬಡ್ಡಿಯಿಲ್ಲದೆ ದುಡ್ಡು ಕೊಟ್ಟವನೂ ಅವನೇ. ಆದರೆ ಅವನ ಗಣಿಯಲ್ಲಿ ಆಳುಗಳ ಹಾಜರಿ ಪುಸ್ತಕ ಎಂಬುದೇ ಇರಲಿಲ್ಲ. ಕೂಲಿಯನ್ನು ಮುಕದ್ದಮನ ಕೈಗೆ ಒಟ್ಟಾಗಿ ಕೊಡುವುದು, ಅವನು ಹಂಚುವುದು. ಎಷ್ಟು ಟಿಪ್ಪರ್ ಓಡಿದವೆಂದು ನನ್ನ ಪುಸ್ತಕ ಹೇಳುತ್ತಿತ್ತು. ಆ ಕಲ್ಲನ್ನು ಕೊರೆದವರು ಯಾರೆಂದು ಯಾವ ಪುಸ್ತಕವೂ ಹೇಳುತ್ತಿರಲಿಲ್ಲ.

ಧೂಳಿನ ಬಗ್ಗೆ ಆಗ ನಮಗಿದ್ದ ತಕರಾರು ಬೆಳೆಯದ್ದು. ನಮ್ಮ ಕಡೆ ಮೆಣಸಿನಕಾಯಿಯನ್ನು ಕಣದಲ್ಲಿ ಹರವಿ ಒಣಗಿಸುತ್ತಾರೆ. ಬ್ಯಾಡಗಿ ಪೇಟೆಯಲ್ಲಿ ಬಣ್ಣ ನೋಡಿ ದರ ಕಟ್ಟುತ್ತಾರೆ. ಕಲ್ಲಿನ ಪುಡಿ ಕೂತ ಕಾಯಿ ಕೆಂಪಾಗಿದ್ದರೂ ಮಬ್ಬಾಗಿ ಕಾಣುತ್ತಿತ್ತು, ದರ ಬೀಳುತ್ತಿತ್ತು. ಬಿರಿದ ಹತ್ತಿಯದೂ ಅದೇ ಪಾಡು. ಮುಂದೆ ತೆಗ್ಗು ಆಳಕ್ಕಿಳಿದಂತೆ ಸುತ್ತಲಿನ ಬಾವಿಗಳ ನೀರು ಕೆಳಗೆ ಹೋಯಿತು. ಗಟ್ಟಿ ಕಲ್ಲಿನ ಸೀಮೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ. ಆ ಬಿರುಕನ್ನು ಕತ್ತರಿಸಿ ಗಣಿ ಇಳಿದರೆ ನೀರು ಬಾವಿಗೆ ಹೋಗುವ ಬದಲು ಗಣಿಗೆ ಬರುತ್ತದೆ. ಕೆಲಸ ನಡೆಯಲೆಂದು ಹಗಲು ರಾತ್ರಿ ಪಂಪು ಹಚ್ಚಿ ಅದನ್ನು ಹಳ್ಳಕ್ಕೆ ಎತ್ತಿ ಹಾಕುತ್ತಾರೆ. ಹಳ್ಳದಲ್ಲಿ ಬೇಸಗೆಯಲ್ಲೂ ನೀರು ಹರಿಯುವುದನ್ನು ನೋಡಿ ನಮ್ಮೂರವರು ಮೊದಲು ಸಂತೋಷಪಟ್ಟಿದ್ದರು.

ಉಸಿರಿನ ಮಾತು ಯಾರೂ ಆಡಲಿಲ್ಲ. ಕಲ್ಲಿನಲ್ಲಿ ಬೆಣಚಿನ ಅಂಶ ಇರುತ್ತದೆ. ನೀರು ಹಾಕದೆ ಒಣ ಡ್ರಿಲ್ ಹೊಡೆದಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಶ್ವಾಸಕೋಶದ ತಳ ಸೇರುತ್ತದೆ. ಶ್ವಾಸಕೋಶ ಅದನ್ನು ಕರಗಿಸಲಾರದೆ ಸುತ್ತ ಗಂಟು ಕಟ್ಟುತ್ತದೆ. ಸಿಲಿಕೋಸಿಸ್ ಎನ್ನುತ್ತಾರೆ, ಬಂದ ಮೇಲೆ ವಾಸಿಯಾಗುವುದಿಲ್ಲ, ಧೂಳಿನ ಕೆಲಸ ಬಿಟ್ಟ ಮೇಲೂ ಬೆಳೆಯಬಹುದು. ಈ ಪುಡಿ ಕ್ಯಾನ್ಸರನ್ನೂ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದ್ದು 1997ರಲ್ಲಿ, ನಮ್ಮ ಜಿಲ್ಲೆ ಹುಟ್ಟಿದ ವರ್ಷವೇ. ಕಲ್ಲಿನ ಎಳೆ ತೋರಿಸುತ್ತಿದ್ದ ಮುದುಕನ ಮಗ ಕಂಪ್ರೆಸರ್ ಡ್ರಿಲ್ ಹಿಡಿದಿದ್ದ. ಬಾಯಿಗೊಂದು ಟವೆಲ್ ಸುತ್ತಿಕೊಂಡರೆ ಅದೇ ರಕ್ಷಣೆ. ನಾಲ್ಕೈದು ವರ್ಷಕ್ಕೆ ಕೆಮ್ಮು ಹತ್ತಿತು. ಟಿ.ಬಿ. ಎಂದು ಗುಳಿಗೆ ಕೊಟ್ಟರು, ಕೋರ್ಸು ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಧೂಳು ಹೊಕ್ಕ ಶ್ವಾಸಕೋಶಕ್ಕೆ ಟಿ.ಬಿ.ಯೂ ಬೇಗ ತಗಲುತ್ತದೆ, ಎರಡರ ಲಕ್ಷಣವೂ ಒಂದೇ ಥರ ಇರುತ್ತದೆ. ಹಾಗಾಗಿ ಎಷ್ಟೋ ಜನರಲ್ಲಿ ಧೂಳಿನ ಕಾಯಿಲೆ ಬೆಳಕಿಗೇ ಬರುವುದಿಲ್ಲ. ಬಾಯಿ ಸವಿಯಿದ್ದ ಆ ಮನುಷ್ಯ ನಲವತ್ತು ದಾಟದೆ ಹೋದ. ಕಾನೂನಿನಲ್ಲಿ ಇದು ವರದಿ ಮಾಡಲೇಬೇಕಾದ ಕಾಯಿಲೆ. ಆದರೆ ಆತ ಆ ಗಣಿಯಲ್ಲಿ ದುಡಿದಿದ್ದ ಎನ್ನುವುದಕ್ಕೇ ಕಾಗದವಿಲ್ಲದಿದ್ದರೆ ಯಾವ ಕಾಯಿಲೆಯನ್ನು ಯಾರು ವರದಿ ಮಾಡಬೇಕು?

ಈ ಕಲ್ಲು ಹಾಸಿದ ಹೆದ್ದಾರಿಯಿಂದ ನಮಗೆ ಒಳ್ಳೆಯದೂ ಆಗಿದೆ. ರಾತ್ರಿ ಹೆರಿಗೆ ನೋವು ಎದ್ದರೆ ಗಂಟೆಯೊಳಗೆ ಹುಬ್ಬಳ್ಳಿ ಮುಟ್ಟಬಹುದು. ಹಾನಗಲ್ಲಿನ ಮಾವು ಹೊತ್ತ ಲಾರಿ ಪುಣೆಗೆ ಹೋಗುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ಅರವತ್ತು ಕಂಬದ ಗುಡಿ ಕಟ್ಟಿದವರೂ ಎಲ್ಲೋ ಒಂದು ಕಡೆ ಕಲ್ಲು ಕಿತ್ತವರೇ. ಕಲ್ಲು ತೆಗೆಯುವುದೇ ಪಾಪ ಎನ್ನುವ ಮಾತು ನನ್ನದಲ್ಲ. ತೆಗೆದ ಮೇಲೆ ಏನು ಉಳಿಯಿತು, ಯಾರಿಗೆ ಉಳಿಯಿತು ಎನ್ನುವುದು ನನ್ನ ತಕರಾರು.

ಕಾನೂನು ತಡವಾಗಿ ಬಂತು. ಐದು ಹೆಕ್ಟೇರಿಗಿಂತ ಸಣ್ಣ ಕಲ್ಲುಗಣಿಗಳಿಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು 2012ರ ಫೆಬ್ರುವರಿಯಲ್ಲಿ. ಅಷ್ಟರೊಳಗೆ ನಮ್ಮ ಗುಡ್ಡದ ನೆತ್ತಿ ಹೋಗಿ ಹೊಟ್ಟೆ ತೆರೆದಿತ್ತು. ಅದಕ್ಕಿಂತ ಹೆಚ್ಚು ನನ್ನ ಮನಸ್ಸಿಗೆ ಹಿಡಿಸಿದ್ದು 2020ರ ಜನವರಿ 8ರ ಆದೇಶ. ಗಣಿ ಕೆಲಸ ಮುಗಿಸಿದವರು ಆ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು, ಗಿಡ, ಪ್ರಾಣಿಗಳಿಗೆ ತಕ್ಕ ಸ್ಥಿತಿಗೆ ನೆಲವನ್ನು ತರಬೇಕು, ಖರ್ಚು ಅವರದೇ ಎಂದು ಕೋರ್ಟು ಹೇಳಿತು. ಅದೇ ತಿಂಗಳು ಕೇಂದ್ರ ಪರಿಸರ ಸಚಿವಾಲಯ ಈ ಷರತ್ತನ್ನು ಪರಿಸರ ಅನುಮತಿಗಳಿಗೆ ಸೇರಿಸಲು ಸುತ್ತೋಲೆ ಹೊರಡಿಸಿತು. ದೊಡ್ಡಪ್ಪ ಇದ್ದಿದ್ದರೆ ಕೋರ್ಟಿನವರೂ ದನ ಕಟ್ಟಿದವರೇ ಇರಬೇಕು ಎನ್ನುತ್ತಿದ್ದ.

ಕೋರ್ಟು ಕೇಳಿದ್ದು ಹುಲ್ಲು, ವರದಿ ಕೊಡುತ್ತಿರುವುದು ಅಕೇಶಿಯಾ. ಎರಡರ ವ್ಯತ್ಯಾಸಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗೆಂದು 119 ಚದರ ಕಿಲೋಮೀಟರಿನ ಅಭಯಾರಣ್ಯ ಆಯಿತು. ಎರೆಭೂತ ಹಕ್ಕಿಯೂ ಅಲ್ಲಿತ್ತು. ಹುಲ್ಲುಗಾವಲಿನ ಆ ಸೀಮೆಯಲ್ಲಿ ನೀಲಗಿರಿ ನೆಟ್ಟು ಬೆಳೆಸಿದರು. ದೂರದಿಂದ ನೋಡಿದರೆ ಹಸಿರೋ ಹಸಿರು. ಆದರೆ ಬಯಲು ಬೇಡುವ ಎರೆಭೂತ ಅಲ್ಲಿಂದ ಮರೆಯಾಯಿತು. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯದು ಇದಕ್ಕೆ ತದ್ವಿರುದ್ಧ ಕತೆ. ಕೋಟೆಯೊಳಗೆ ಖಿಲಾರಿ ದನಗಳ ತಳಿ ಕೇಂದ್ರವಿದೆ. ದನಕ್ಕೆಂದು ಅಲ್ಲಿ ಮೇವು ಬೆಳೆಯುತ್ತಾರೆ, ಮುಳ್ಳುಪೊದೆಗಳು ಹಾಗೇ ಉಳಿದಿವೆ. ಆ ಹುಲ್ಲು-ಪೊದೆಗಳಲ್ಲೇ ನವಿಲುಗಳು ಹೆಚ್ಚಿದವು. 2006ರಲ್ಲಿ ಸರ್ಕಾರ ಅದನ್ನು ನವಿಲುಧಾಮ ಎಂದು ಘೋಷಿಸಿತು. ದನ ಕಾಯುವ ಬುದ್ಧಿಯಿಂದಲೇ ಕಾಡೂ ಉಳಿದ ಉದಾಹರಣೆ ನಮ್ಮ ಮಗ್ಗುಲಲ್ಲೇ ಇರುವಾಗ, ಅಕೇಶಿಯಾ ಸಾಲನ್ನು ನೆಟ್ಟು, ಫೋಟೋ ತೆಗೆದು, ಪುನಶ್ಚೇತನ ಆಯಿತು ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ತಮ್ಮ ನಕ್ಕ. ‘ಅಣ್ಣಾ, ನೀ ಹುಬ್ಬಳ್ಳಿಯಾಗ ಕುಂತು ಹುಲ್ಲು ಅಂತಿ. ಊರಾಗ ದನಾ ಎಲ್ಲಿ ಅದಾವು? ಎಲ್ಲಾರ ಮನಿ ಮುಂದೂ ಟ್ರ್ಯಾಕ್ಟರ್ ನಿಂತಾವು. ತೆಗ್ಗಿನಾಗ ನೀರು ನಿಂತೈತಿ, ಮೀನ ಬಿಟ್ಟರ ರೊಕ್ಕ ಬರತೈತಿ.’ ಅವನ ಮಾತಿನಲ್ಲಿ ಸುಳ್ಳಿಲ್ಲ. ನಮ್ಮ ಹೊಲಗಳಿಗೂ ಗೋವಿನಜೋಳ, ಅಡಿಕೆ ಬಂದು ದನಗಳು ಕಡಿಮೆಯಾಗಿವೆ. ಸವಣೂರು ಕುರುಬರ ಹಾದಿಗೆ ಹೆದ್ದಾರಿಯ ಗೋಡೆ ಅಡ್ಡ ಬಂದಿದೆ. ಗೊಟಗೋಡಿಯಲ್ಲಿ ಹೆದ್ದಾರಿಯ ಪಕ್ಕದ ಉತ್ಸವ್ ರಾಕ್ ಗಾರ್ಡನ್ನಿಗೆ ಹೋದರೆ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು, ದನಕರುಗಳನ್ನು ಶಿಲ್ಪಗಳಲ್ಲಿ ನೋಡಬಹುದು. ನಮ್ಮ ಮಕ್ಕಳು ಟಿಕೆಟ್ ತೆಗೆಸಿ ನೋಡುತ್ತಾರೆ. ಅಷ್ಟಾದರೂ ಕೊಬ್ಬರಿ ಹೋರಿಯ ಹುಚ್ಚು ಹೋಗಿಲ್ಲ, ಕುರಿ ಸಾಕುವವರು ಇನ್ನೂ ಇದ್ದಾರೆ, ಮೇವಿನ ದರ ಬೇಸಗೆಯಲ್ಲಿ ಏರುತ್ತಲೇ ಇರುತ್ತದೆ ಎನ್ನುವುದನ್ನು ಅವನೂ ಒಪ್ಪಿದ.

ತೆಗ್ಗನ್ನು ತುಂಬಿಸಲು ಆಗುವುದಿಲ್ಲ ಎನ್ನುವುದರಲ್ಲಿ ನಮಗಿಬ್ಬರಿಗೂ ಜಗಳವಿಲ್ಲ. ಅದರೊಳಗಿದ್ದ ಕಲ್ಲು ರಸ್ತೆಯ ಕೆಳಗಿದೆ. ತುಂಬಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ತೋರಿಸಿದೆ: ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಗಣಿಗಳಿಗೆ ಊರಿನ ಕಸ ಬಂದು ಬಿತ್ತು, ಸುತ್ತಲಿನವರಿಗೆ ನಾತ ಉಳಿಯಿತು. ನೀರು ನಿಂತ ತೆಗ್ಗು ನೀರಾಗಿಯೇ ಇರಲಿ, ಮೀನೂ ಬಿಡಲಿ. ಆದರೆ ಅದರ ಅಂಚು ಈಗ ಗೋಡೆಯಂತೆ ನೇರವಾಗಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕೆಂಬ ಗಣಿಯ ನಿಯಮವನ್ನು ಕೆಲಸ ನಡೆಯುವಾಗ ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಬಿದ್ದವರಿಗೆ ಹತ್ತಿ ಬರಲು ಕಾಲೂರುವ ಜಾಗವಿಲ್ಲ. ಬೇಸಗೆ ರಜೆಯಲ್ಲಿ ಕ್ವಾರಿಯಲ್ಲಿ ಈಜಲು ಇಳಿದ ಮಕ್ಕಳ ಸಾವಿನ ಸುದ್ದಿ ಪೇಪರಿನಲ್ಲಿ ಆಗಾಗ ಓದುತ್ತಲೇ ಇರುತ್ತೇವೆ. ಆದ್ದರಿಂದ ಬೇಲಿಗಿಂತ ಮೊದಲು ಇಳಿಜಾರು, ಮೆಟ್ಟಿಲು. ಸುತ್ತ ಒಟ್ಟಿದ ಗರಸಿನ ದಿಬ್ಬಗಳ ಮೇಲೆ ಮಣ್ಣು ಹರವಿ, ಪಕ್ಕದ ಗುಡ್ಡದ ಕರಡದ ಬೀಜವನ್ನೇ ಮುಂಗಾರಿಗೆ ಮುಂಚೆ ಚೆಲ್ಲಬೇಕು. ಮೊದಲ ಕೆಲವು ವರ್ಷ ಕೊಯ್ದು ಒಯ್ಯುವುದಷ್ಟೇ, ಮೇಯಿಸುವುದಿಲ್ಲ. ಬೇರು ಹಿಡಿದ ಮೇಲೆ ದನಕ್ಕೆ ಬಿಡಬೇಕು. ಅಕೇಶಿಯಾ ಸಸಿಗೆ ಹಾಕುವ ದುಡ್ಡಿಗಿಂತ ಇದಕ್ಕೆ ಹೆಚ್ಚು ಬೇಕಾಗಲಾರದು.

ಇಳಿಜಾರು, ಹುಲ್ಲು ಆದ ಮೇಲೆ ಮೂರನೆಯದು ಗಣಿಯಲ್ಲಿ ದುಡಿದವರ ಆರೋಗ್ಯ, ವರದಿಯಲ್ಲಿ ಎಲ್ಲೂ ಇಲ್ಲದ ಬಾಬತ್ತು. ಗಣಿ ಇರುವ ಜಿಲ್ಲೆಗಳಲ್ಲಿ ಬಾಧಿತರಿಗಾಗಿ ಖನಿಜ ಪ್ರತಿಷ್ಠಾನ ಇರಬೇಕೆಂದು 2015ರ ಕಾನೂನು ತಿದ್ದುಪಡಿ ಹೇಳುತ್ತದೆ. ಆ ನಿಧಿಯ ಖರ್ಚಿನಲ್ಲಿ ಕುಡಿಯುವ ನೀರು, ಪರಿಸರ, ಆರೋಗ್ಯಕ್ಕೆ ಆದ್ಯತೆ. ನಮ್ಮ ಗುಡ್ಡದಲ್ಲಿ ಡ್ರಿಲ್ ಹಿಡಿದವರು, ಮಷಿನ್ ಬಾಯಿಗೆ ಕಲ್ಲು ಹಾಕಿದವರು, ಕಡಿ ಜರಡಿ ಹಿಡಿದ ಹೆಂಗಸರು ಎಲ್ಲರ ಎದೆಯ ಎಕ್ಸ್-ರೇ ಆಗಬೇಕು, ಅದನ್ನು ಈ ಕಾಯಿಲೆ ಬಲ್ಲ ವೈದ್ಯರು ನೋಡಬೇಕು ಎಂದು ಈ ವರದಿಗೆ ಪಂಚಾಯ್ತಿ ಕೊಡುವ ಆಕ್ಷೇಪಣೆ ಪತ್ರದಲ್ಲಿ ಸೇರಿಸು ಎಂದು ತಮ್ಮನಿಗೆ ಹೇಳಿದೆ. ‘ಯಾರ್‍ಯಾರು ಅಂತ ಹೆಂಗ ಬರೀಲಿ? ಲಿಸ್ಟ್ ಎಲ್ಲೈತಿ?’ ಎಂದು ಕೇಳಿದ. ಸರಿಯಾದ ಪ್ರಶ್ನೆ. ಹುಲ್ಲನ್ನು ಮಳೆ ಬೆಳೆಸೀತು. ಈ ಪಟ್ಟಿಯನ್ನು ಮಾತ್ರ ಯಾರಾದರೂ ಕೂತು ಬರೆಯಲೇಬೇಕು. ಆ ತಗಡಿನ ಖೋಲಿಯ ಕಿಟಕಿಯಿಂದ ನಾನು ದಿನಾ ನೋಡುತ್ತಿದ್ದ ಮುಖಗಳಲ್ಲಿ ಬಹಳಷ್ಟು ಇನ್ನೂ ನೆನಪಿವೆ, ಕೆಲವರು ಈಗಲೂ ಊರ ಹೊರಗಿನ ಆಶ್ರಯ ಮನೆಗಳಲ್ಲಿ ಇದ್ದಾರೆ. ಹೋದವರ ಹೆಸರು ಅವರ ಮನೆಯವರು ಹೇಳುತ್ತಾರೆ. ಬರುವ ಭಾನುವಾರ ಬರುತ್ತೇನೆ, ಮನೆ ಮನೆಗೆ ಹೋಗಿ ಬರೆಯೋಣ, ಹೆಬ್ಬೆಟ್ಟೋ ಸಹಿಯೋ ಹಾಕಿಸಿ ಪತ್ರದ ಜೊತೆ ಕಟ್ಟಿ ಕೊಡೋಣ ಎಂದು ತಮ್ಮನಿಗೆ ಹೇಳಿದ್ದೇನೆ.